ನೂರ ಹನ್ನೊಂದರಲ್ಲಿ ಒಂದು ಬ್ರಾಕೆಟ್

ತೀರ್ಥಹಳ್ಳಿ
10 ಫೆಬ್ರವರಿ 2025

ಯಶೋಧಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಬುಟ್ಟಿಗೆ ಹಾಕುವ ಮೊದಲು ಒಂದು ಪುಟವಾದರೂ ಓದು. ಏಳು ವರ್ಷದಿಂದ ನನ್ನ ಫೋನ್ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀಯ. ಅಂಚೆಯಣ್ಣನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ನಿವೃತ್ತಳಾಗಿ ಒಂದೂವರೆ ವರ್ಷವಾಯಿತು. ನಮ್ಮ ಪಾಲಿಟೆಕ್ನಿಕ್‌ನಲ್ಲಿ ಬೀಳ್ಕೊಡುಗೆ ಮಾಡಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ಗೋಡೆಯ ಮೇಲೆ ಸ್ವಲ್ಪ ಓರೆಯಾಗಿ ಕೂರುತ್ತದೆ. ದಿನಕ್ಕೆ ಎರಡು ಸಲ ನೆಟ್ಟಗೆ ಮಾಡುತ್ತೇನೆ. ಲ್ಯಾಬ್ ರೆಕಾರ್ಡಿನಲ್ಲಿ ಮಾರ್ಜಿನ್ ವಕ್ರವಾದರೆ ಅರ್ಧ ಮಾರ್ಕು ಕತ್ತರಿಸುತ್ತಿದ್ದ ಹೆಂಗಸು ಹಾಗೇ ಇದ್ದಾಳೆ ಎಂದು ನೀನು ನಗಬಹುದು. ನಗು, ನನಗೆ ಬೇಸರವಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ರಿಪ್ಪನ್‌ಪೇಟೆಯ ಹಪ್ಪಳದ ಸಂಘದಿಂದ ರಂಗಮ್ಮ ಫೋನ್ ಮಾಡಿದ್ದರು. ನಾವಿಬ್ಬರೂ ಸೇರಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟ ಆ ಹಪ್ಪಳ ಒಣಗಿಸುವ ಪೆಟ್ಟಿಗೆ ಇನ್ನೂ ಓಡುತ್ತಿದೆ. ಪೆಟ್ಟಿಗೆ ಓಡುತ್ತಿದೆ, ನಮ್ಮ ಪ್ರೋಗ್ರಾಂ ಓಡುತ್ತಿಲ್ಲ. ಅವತ್ತು ಹಪ್ಪಳ ಸುಟ್ಟ ಮೇಲೆ ಅವರು ಅದನ್ನು ನಂಬಲೇ ಇಲ್ಲ. ಸಂಘದ ಕನ್ನಮ್ಮ ಪೆಟ್ಟಿಗೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬಿಸಿ ಅರವತ್ತು ಡಿಗ್ರಿ ದಾಟಿದಾಗಲೆಲ್ಲ ಕೈಯಿಂದ ಸ್ವಿಚ್ ಆರಿಸುತ್ತಾರಂತೆ. ಆಗಿನಿಂದ ಪ್ರತಿ ಹಲಸಿನ ಕಾಲವೂ ಹೀಗೇ ಕಳೆದಿದೆ. ಈಗ ಅವರಿಗೆ ಎಪ್ಪತ್ತು ದಾಟಿದೆ, ಸೊಂಟ ಮಾತು ಕೇಳುವುದಿಲ್ಲ. ಎಂಟು ಇದ್ದ ಟ್ರೇಗಳನ್ನು ಹನ್ನೆರಡು ಮಾಡಿಸಿದ್ದಾರೆ. ಈ ಸಲ ಹಲಸಿನಕಾಯಿ ಬಲಿಯುವ ಮೊದಲು ಪೆಟ್ಟಿಗೆ ತಾನಾಗಿಯೇ ಆರುವ ಹಾಗೆ ಮಾಡಿಕೊಡಿ ಎಂದು ರಂಗಮ್ಮ ಕೇಳಿದರು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನನ್ನ ಬಳಿ ಇರುವುದು ನಾನು ಸಾಲು ನೇರ ಮಾಡಿ ಅಂದವಾಗಿ ಜೋಡಿಸಿದ ಪ್ರತಿ. ಅದಕ್ಕೂ ಮೊದಲು ನೀನು ಬರೆದುಕೊಟ್ಟ ಮೂಲ ಪ್ರತಿ ಬೇಕು. ತಪ್ಪು ಎಲ್ಲಿಂದ ಹುಟ್ಟಿತು ಎಂದು ಬುಡದಿಂದ ನೋಡಬೇಕು. ಇದ್ದರೆ ಕಳಿಸಿಕೊಡು.

ನೀನು ಚೆನ್ನಾಗಿದ್ದೀಯೆಂದು ಭಾವಿಸಿರುವ,
ಸುಮನಾ


ಸಾಗರ
19 ಫೆಬ್ರವರಿ 2025

ಮೇಡಂ ಅವರಿಗೆ,

ಪತ್ರ ತಲುಪಿತು. ನನ್ನ ಬಳಿ ಏನೂ ಇಲ್ಲ. ಪ್ರೋಗ್ರಾಂ ಬರೆಯುವುದನ್ನು ಬಿಟ್ಟು ಏಳು ವರ್ಷವಾಯಿತು. ಈಗ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ ಪ್ರಿಂಟ್, ಕರಾರು ಪತ್ರ, ಗೃಹಪ್ರವೇಶದ ಕರೆಯೋಲೆ ಏನಾದರೂ ಬೇಕಿದ್ದರೆ ತಿಳಿಸಿ.

ಇಂತಿ,
ಯಶೋಧಾ
ಒಂದು ಕಾಲದ ಲ್ಯಾಬ್ ಇನ್‌ಸ್ಟ್ರಕ್ಟರ್


ಸಾಗರ
8 ಮಾರ್ಚ್ 2025

ಮೇಡಂ ಅವರಿಗೆ,

ಏನೂ ಇಲ್ಲ ಎಂದು ಬರೆದಾಗ ನನಗೂ ಗೊತ್ತಿರಲಿಲ್ಲ. ಮೊನ್ನೆ ಅಟ್ಟದ ಮೇಲಿದ್ದ ತಗಡಿನ ಡಬ್ಬಿಯನ್ನು ತೊಳೆಯಲು ಇಳಿಸಿದೆ. ತಳಕ್ಕೆ ಹಾಸಿದ್ದ ಕಾಗದ ಎತ್ತಿದರೆ ನಮ್ಮದೇ ಪ್ರೋಗ್ರಾಂ. ಎರಡೂ ಅಂಚಿನಲ್ಲಿ ತೂತುಗಳಿರುವ ಆ ಉದ್ದನೆಯ ಕಾಗದ ನಿಮಗೆ ನೆನಪಿರಬಹುದು, ಲ್ಯಾಬಿನ ಹಳೆ ಪ್ರಿಂಟರಿನದು. ಹದಿನಾರು ಪುಟ. ಅಲ್ಲಲ್ಲಿ ಎಣ್ಣೆಯ ಕಲೆ ಇದೆ, ಓದಲು ಬರುತ್ತದೆ.

ಕೊಡಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನಮ್ಮ ಮನೆಯವರ ಹತ್ತಿರ ಹೇಳಿದೆ. ಮಂಜಯ್ಯನವರ ತೀರ್ಪು ನಿಮಗೆ ಗೊತ್ತಲ್ಲ, ಒಂದೇ ಸಾಲು. "ಕನ್ನಮ್ಮನ ಸೊಂಟ ನೋಡಿ ಕೊಡೇ ಮಾರಾಯ್ತಿ, ಆ ಮೇಡಂ ಮುಖ ನೋಡಿ ಕೊಡೂದ್ ಬ್ಯಾಡ" ಅಂದರು. ಕನ್ನಮ್ಮನ ಸೊಂಟಕ್ಕಾಗಿ ಕೊಡುತ್ತಿದ್ದೇನೆ.

ಎಲ್ಲವನ್ನೂ ಮತ್ತೆ ಟೈಪ್ ಮಾಡಿ ಪೆನ್‌ಡ್ರೈವಿಗೆ ಹಾಕಿದ್ದೇನೆ. ಅಕ್ಷರ ಒಂದೂ ಬದಲಿಸಿಲ್ಲ. ಆದರೆ ಜೋಡಣೆ ಮಾಡಿಲ್ಲ. ನನ್ನ ಸಾಲುಗಳು ಓರೆ, ಮುಚ್ಚುವ ಬ್ರಾಕೆಟ್ಟನ್ನು ಬೇರೆ ಸಾಲಿನಲ್ಲಿ ಇಡದೆ ಸೆರಗಿನ ತುದಿಗೆ ಬೀಗದ ಕೈ ಕಟ್ಟಿದ ಹಾಗೆ ಸಾಲಿನ ಬಾಲಕ್ಕೇ ಕಟ್ಟುತ್ತಾಳೆ ಎಂದು ನೀವು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದಿರಿ. ಹಾಗಾಗಿ ಈ ಸಲ ಓರೆಯೂ ಇಲ್ಲ, ನೇರವೂ ಇಲ್ಲ. ಆರುನೂರ ನಲವತ್ತು ಸಾಲೂ ಎಡಗೋಡೆಗೆ ಬೆನ್ನು ಒರಗಿಸಿ ನಿಂತಿವೆ. ನಿಮಗೆ ಹೇಗೆ ಬೇಕೋ ಹಾಗೆ ಜೋಡಿಸಿಕೊಳ್ಳಿ. ನಿವೃತ್ತಿಯಲ್ಲಿ ಹೊತ್ತು ಹೋಗಬೇಕಲ್ಲ.

ಟೈಪ್ ಮಾಡುವಾಗ ಅದರಲ್ಲಿ ಏನಿದೆ ಎಂದು ಓದಲಿಲ್ಲ. ಕರಾರು ಪತ್ರ ಟೈಪ್ ಮಾಡುವಾಗಲೂ ನಾನು ಓದುವುದಿಲ್ಲ.

ಪೊಟ್ಟಣವನ್ನು ಸೋಮವಾರ ಮಧ್ಯಾಹ್ನದ ತೀರ್ಥಹಳ್ಳಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ನಿಲ್ದಾಣಕ್ಕೆ ಬಂದು ಇಸಿದುಕೊಳ್ಳಿ.

ಇಂತಿ,
ಯಶೋಧಾ


ತೀರ್ಥಹಳ್ಳಿ
17 ಮಾರ್ಚ್ 2025

ಯಶೋಧಾ,

ಪೊಟ್ಟಣ ಬಂತು. ನಿನ್ನ ಕೋಪವೂ ಜೊತೆಗೇ ಬಂತು, ಒಂದು ಸಾಲೂ ಸೋರಿಲ್ಲ. ಆರುನೂರ ನಲವತ್ತು ಸಾಲನ್ನು ಹೀಗೆ ಎಡಕ್ಕೆ ಒತ್ತಿ ಕಳಿಸಬೇಕಾದರೆ ನಿನಗೆ ನನ್ನ ಮೇಲೆ ಎಷ್ಟು ಸಿಟ್ಟಿರಬೇಕು ಎಂದು ಯೋಚಿಸುತ್ತಲೇ ಸ್ಪೇಸ್ ಬಾರ್ ಒತ್ತಲು ಕೂತೆ. ಮೊದಲ ದಿನ ಎಪ್ಪತ್ತು ಸಾಲು ಆಯಿತು. ಎರಡನೆಯ ದಿನ ಹೆಬ್ಬೆರಳು ಊದಿಕೊಂಡಿತು. ಮೂರನೆಯ ದಿನ ಬಿಸಿನೀರಿನಲ್ಲಿ ಬೆರಳು ಅದ್ದಿಕೊಂಡು, ನಿನ್ನನ್ನು ಬೈದುಕೊಂಡು ಕೂತಿದ್ದೆ.

ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಕಾಲೇಜಿಗೆ ಹೋದೆ. ನಿರಂಜನನ ನೆನಪಿದೆಯಾ? ಪ್ರತಿ ರೆಕಾರ್ಡಿನಲ್ಲೂ ನನ್ನಿಂದ ಅರ್ಧ ಮಾರ್ಕು ಕತ್ತರಿಸಿಕೊಂಡವನು. ಈಗ ಅಲ್ಲೇ ಮೇಷ್ಟ್ರು. ನನ್ನ ಹೆಬ್ಬೆರಳು ನೋಡಿ, "ಇದ್ನ ಕೈಯಲ್ಲಿ ಮಾಡ್ತಾ ಇದ್ರಾ ಮೇಡಂ?" ಎಂದು ಕೇಳಿದ. ಅವನ ಮುಖದಲ್ಲಿದ್ದದ್ದು ಮರುಕವೋ ಸಂತೋಷವೋ ಹೇಳುವುದು ಕಷ್ಟ.

ಕಪ್ಪು ಪರದೆ ತೆರೆದ. ಇಂಡೆಂಟ್ ಎಂದು ಟೈಪ್ ಮಾಡಿ, ಪಕ್ಕದಲ್ಲಿ ನಿನ್ನ ಫೈಲಿನ ಹೆಸರು ಬರೆದು, ಎಂಟರ್ ಒತ್ತಿದ. ಅಷ್ಟೇ. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಆರುನೂರ ನಲವತ್ತು ಸಾಲೂ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತಿದ್ದವು. ಯಾವುದರ ಒಳಗೆ ಯಾವುದು ಇರಬೇಕೋ ಅದು ನಾಲ್ಕು ಅಕ್ಷರದ ಮನೆಯಷ್ಟು ಒಳಕ್ಕೆ. ಪ್ರತಿ ಬ್ರಾಕೆಟ್ಟೂ ಅದರ ಜೋಡಿಯ ನೇರಕ್ಕೆ. ಮೂವತ್ತೊಂದು ವರ್ಷ ನಾನು ಕೆಂಪು ಪೆನ್ನು ಹಿಡಿದು ಮಾಡಿದ ಕೆಲಸವನ್ನು ಅದು ಉಸಿರು ಬಿಡದೆ ಮಾಡಿತು. ಮೊದಲು ಬಂದದ್ದು ಕೋಪ. ಇದು ಎಷ್ಟು ವರ್ಷದಿಂದ ಇದೆ ಎಂದು ಕೇಳಿದೆ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದೆಯಂತೆ. ನಿರಂಜನನಿಗೆ ಕತ್ತರಿಸಿದ ಅರ್ಧ ಮಾರ್ಕುಗಳ ವಿಷಯ ನಾವಿಬ್ಬರೂ ಎತ್ತಲಿಲ್ಲ.

ಆಮೇಲೆ ಮನೆಗೆ ಬಂದು ಮಕ್ಕಳ ಹಾಗೆ ಆಡಿದೆ. ಅದಕ್ಕೆ ಆಯ್ಕೆಗಳಿವೆ. ಬಿ ಎಲ್ ಎಂದು ಕೊಟ್ಟರೆ ತೆರೆಯುವ ಬ್ರಾಕೆಟ್ ಕೆಳಗಿನ ಸಾಲಿಗೆ ಇಳಿಯುತ್ತದೆ, ಅದು ನನ್ನ ರೀತಿ. ಬಿ ಆರ್ ಎಂದು ಕೊಟ್ಟರೆ ಮೇಲಿನ ಸಾಲಿನಲ್ಲೇ ಉಳಿಯುತ್ತದೆ, ಅದು ನಿನ್ನ ರೀತಿ. ಯಾವುದು ಸರಿ ಎಂದು ನೀನು ನಾನು ಕಾಫಿ ಆರುವವರೆಗೆ ವಾದ ಮಾಡಿದ್ದೇವೆ. ಇದಕ್ಕೆ ಎರಡೂ ಒಂದೇ. ಹೊಸದು ಬರೆಯುವ ಮೊದಲು ಹಳೆಯದನ್ನು ಬೇರೆ ಹೆಸರಿನಲ್ಲಿ ತೆಗೆದೂ ಇಡುತ್ತದೆ. ನನ್ನಷ್ಟು ಅವಸರ ಅದಕ್ಕಿಲ್ಲ.

ನಿನ್ನ ಪ್ರತಿಯನ್ನೂ ನನ್ನ ಪ್ರತಿಯನ್ನೂ ಒಂದೇ ಆಯ್ಕೆ ಕೊಟ್ಟು ಜೋಡಿಸಿದ್ದೇನೆ. ಒಂದೇ ಸಮವಸ್ತ್ರ ಹಾಕಿದ ಮಕ್ಕಳ ಹಾಗೆ ಕಾಣುತ್ತಿವೆ, ಯಾವುದು ಯಾರದೆಂದು ನನಗೇ ಗೊತ್ತಾಗಲಿಲ್ಲ. ಎರಡನ್ನೂ ಸಾಲು ಸಾಲಾಗಿ ಹೋಲಿಸುವ ಇನ್ನೊಂದು ಆಜ್ಞೆಯೂ ಇದೆ, ಡಿಫ್ ಅಂತ. ನಾಳೆ ಅದನ್ನು ಕೊಟ್ಟು ನೋಡುತ್ತೇನೆ. ನಾನು ಬದಲಿಸಿದ್ದು ಖಾಲಿ ಜಾಗವನ್ನು ಮಾತ್ರವಾದ್ದರಿಂದ ಏನೂ ಸಿಗುವುದಿಲ್ಲ. ಅದಾದ ಮೇಲೆ ನಿನ್ನ ಬಿಸಿಯ ಭಾಗದಲ್ಲಿ, ಬಿಸಿ ನೋಡಿ ಹೀಟರ್ ಆರಿಸುವ ಕಡೆ, ತಪ್ಪು ಎಲ್ಲಿದೆ ಎಂದು ನಿಧಾನವಾಗಿ ಹುಡುಕಿ ತಿದ್ದುತ್ತೇನೆ. ನೀನು ಚಿಂತೆ ಮಾಡಬೇಡ.

ಊದಿದ ಹೆಬ್ಬೆರಳಿನ,
ಸುಮನಾ


ತೀರ್ಥಹಳ್ಳಿ
19 ಮಾರ್ಚ್ 2025

ಯಶೋಧಾ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಬೇಗ ಉತ್ತರ ಬೇಕು. ಡಿಫ್ ಕೊಟ್ಟು ನೋಡಿದೆ. ಏನೂ ಸಿಗುವುದಿಲ್ಲ ಎಂದಿದ್ದೆ, ಒಂದು ಕಡೆ ಸಿಕ್ಕಿದೆ. ನಿನ್ನ ಕಾಗದದ ಹನ್ನೊಂದನೆಯ ಪುಟ ನೋಡು. ಬಿಸಿ ಅರವತ್ತು ದಾಟಿದರೆ ಹೀಟರ್ ಆರಿಸು ಎನ್ನುವ ಸಾಲು ಇದೆಯಲ್ಲ, ಮುಚ್ಚುವ ಬ್ರಾಕೆಟ್ ಆ ಸಾಲಿನ ಮೊದಲು ಇದೆಯೋ ನಂತರ ಇದೆಯೋ? ಟೈಪ್ ಮಾಡುವಾಗ ನಿನ್ನ ಕೈ ತಪ್ಪಿರಬಹುದು.

ಸುಮನಾ


ಸಾಗರ
24 ಮಾರ್ಚ್ 2025

ಮೇಡಂ ಅವರಿಗೆ,

ಹನ್ನೊಂದನೆಯ ಪುಟದ ಜೆರಾಕ್ಸ್ ಇಟ್ಟಿದ್ದೇನೆ. ನೀವೇ ನೋಡಿಕೊಳ್ಳಿ. ಟೈಪಿಂಗ್‌ನಲ್ಲಿ ನನ್ನ ಕೈ ತಪ್ಪುವುದಿಲ್ಲ.

ಇಂತಿ,
ಯಶೋಧಾ


ತೀರ್ಥಹಳ್ಳಿ
30 ಮಾರ್ಚ್ 2025, ಯುಗಾದಿ

ಯಶೋಧಾ,

ನಿನ್ನ ಜೆರಾಕ್ಸ್ ಮೇಜಿನ ಮೇಲಿದೆ. ಬ್ರಾಕೆಟ್ ನಂತರ ಇದೆ. ಎಲ್ಲಿ ಇರಬೇಕೋ ಅಲ್ಲೇ, ಸಾಲಿನ ಬಾಲದಲ್ಲಿ ಇದೆ. ಎಣ್ಣೆಯ ಕಲೆ ಕೂಡ ಅದನ್ನು ಮುಚ್ಚಿಲ್ಲ. ನನ್ನ ಪ್ರತಿಯಲ್ಲಿ ಅದು ಆ ಸಾಲಿಗಿಂತ ಮೊದಲು ಇದೆ.

ಇದರ ಅರ್ಥ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನಾನು ಬರೆಯಲೇಬೇಕು, ನನ್ನ ಕೈಯಿಂದಲೇ ಬರೆಯಬೇಕು. ಬ್ರಾಕೆಟ್ಟಿನ ಒಳಗಿರುವುದು ಪ್ರತಿ ಟ್ರೇಗೂ ನಡೆಯುತ್ತದೆ, ಹೊರಗಿರುವುದು ಕೊನೆಗೆ ಒಂದೇ ಸಲ. ನೀನು ಬರೆದದ್ದು ಹೀಗಿತ್ತು: ಒಂದೊಂದು ಟ್ರೇಯ ಬಿಸಿ ಓದು, ಓದಿದ ಕೂಡಲೇ ಅರವತ್ತು ದಾಟಿದೆಯೇ ನೋಡು, ದಾಟಿದ್ದರೆ ಆರಿಸು. ನಾನು ಬ್ರಾಕೆಟ್ಟನ್ನು ಒಂದು ಸಾಲು ಮೇಲಕ್ಕೆ ಇಟ್ಟ ಮೇಲೆ ಅದು ಹೀಗಾಯಿತು: ಎಂಟೂ ಟ್ರೇಯ ಬಿಸಿ ಓದಿ ಮುಗಿಸು, ಆಮೇಲೆ ಕೊನೆಯದನ್ನು ಮಾತ್ರ ನೋಡು. ಕೊನೆಯ ಟ್ರೇ ಹೀಟರಿನಿಂದ ದೂರ ಇರುವುದು, ಅದು ಯಾವತ್ತೂ ಅರವತ್ತು ಮುಟ್ಟುವುದಿಲ್ಲ. ಹೀಟರಿನ ಹತ್ತಿರದ ಟ್ರೇಗಳು ಕಪ್ಪಾಗುತ್ತಿದ್ದರೂ ಪ್ರೋಗ್ರಾಂ ತಣ್ಣಗೆ ಎಲ್ಲ ಸರಿಯಿದೆ ಎನ್ನುತ್ತಿತ್ತು.

ಹೇಗಾಯಿತು ಎಂಬುದೂ ನೆನಪಾಯಿತು. 2018ರ ಮೇ ತಿಂಗಳು. ಮಾರನೆಯ ದಿನ ಪ್ರೋಗ್ರಾಮನ್ನು ರಿಪ್ಪನ್‌ಪೇಟೆಗೆ ಒಯ್ಯಬೇಕಿತ್ತು. ಅದನ್ನು ತೆರೆದು ನೋಡುವವರು ಅಲ್ಲಿ ಯಾರೂ ಇರಲಿಲ್ಲ, ಆದರೂ ನನಗೆ ಅದು ಓರೆಯಾಗಿ ಹೋಗುವುದನ್ನು ಸಹಿಸಲಾಗಲಿಲ್ಲ. ನಿನ್ನನ್ನು ಕೇಳದೆ, ನಿನ್ನ ಬಾಲದ ಬ್ರಾಕೆಟ್ಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಬೇರೆ ಸಾಲಿಗೆ ತಂದೆ. ಮೊನ್ನೆ ಎಣಿಸಿದೆ, ನೂರ ಹನ್ನೊಂದು. ನೂರ ಹತ್ತು ಸರಿಯಾಗಿ ಇಟ್ಟಿದ್ದೇನೆ, ಒಂದು ತಪ್ಪಿದೆ. ಆ ಒಂದು ಸಾಲನ್ನು ಮಾತ್ರ ಒಳಗಿದ್ದ ಹಾಗೆ ನಾಲ್ಕು ಮನೆ ಒಳಕ್ಕೆ ಸರಿಸಿಟ್ಟಿದ್ದೆ. ನೋಡಿದರೆ ಒಳಗೇ ಇದೆ ಅನ್ನಿಸುತ್ತದೆ, ಇರುವುದು ಹೊರಗೆ. ಅಂದ ನನ್ನ ಕಣ್ಣನ್ನೇ ಕಟ್ಟಿಹಾಕಿತ್ತು. ಇಂಡೆಂಟ್ ಅಂದ ನೋಡುವುದಿಲ್ಲ, ಬ್ರಾಕೆಟ್ ಮಾತ್ರ ನೋಡುತ್ತದೆ. ಅದು ಆ ಸಾಲನ್ನು ಎಳೆದು ಎಡಕ್ಕೆ ತಂದು ನಿಲ್ಲಿಸಿದಾಗ ನನಗೆ ಕಂಡಿತು.

ಎರಡು ಸಾವಿರ ಹಪ್ಪಳ. ಇಪ್ಪತ್ತು ಹೆಂಗಸರ ಮೂರು ದಿನದ ಕೆಲಸ. ಹೊಗೆ ತುಂಬಿದ ಆ ಕೋಣೆಯಲ್ಲಿ ಅಷ್ಟು ಜನರ ಎದುರು ನಾನು ಒಂದೇ ಮಾತು ಹೇಳಿದೆ: ಬಿಸಿಯ ಭಾಗ ಬರೆದದ್ದು ಯಶೋಧಾ. ಕೂಗಲಿಲ್ಲ, ಬೈಯಲಿಲ್ಲ, ಬಹಳ ಸಭ್ಯವಾಗಿ ಹೇಳಿದೆ. ನಾನು ಲೆಕ್ಚರರ್, ನೀನು ಗುತ್ತಿಗೆಯ ಇನ್‌ಸ್ಟ್ರಕ್ಟರ್. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಮರುವಾರ ನೀನು ಕೆಲಸ ಬಿಟ್ಟೆ.

ನಾನು ನಿನಗೆ ಅನ್ಯಾಯ ಮಾಡಿದ್ದೇನೆ. ಸುಮನಕ್ಕ ಎಂದು ಕರೆಯುತ್ತಿದ್ದವಳು ಈಗ ಮೇಡಂ ಅವರಿಗೆ ಎಂದು ಬರೆಯುತ್ತೀಯ. ಓದಿದಾಗಲೆಲ್ಲ ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ಕ್ಷಮಿಸು ಎಂದು ಬರೆದರೆ ನಿನ್ನ ಮೇಲೆ ಒಂದು ಕೆಲಸ ಹೊರಿಸಿದ ಹಾಗಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. ಎಲ್ಲಿ ಆ ಮಾತು ಹೇಳಿದ್ದೆನೋ ಅಲ್ಲಿಗೇ ಹೋಗಿ ತಿದ್ದಿ ಬರುತ್ತೇನೆ.

ಇವತ್ತು ಬೇವು ಬೆಲ್ಲದಲ್ಲಿ ಬೆಲ್ಲ ಹಾಕಿಕೊಳ್ಳಲಿಲ್ಲ.

ಸುಮನಾ


ರಿಪ್ಪನ್‌ಪೇಟೆ
14 ಏಪ್ರಿಲ್ 2025

ಯಶೋಧಮ್ಮನಿಗೆ ರಂಗಮ್ಮ ಬರ್ಸೂ ಕಾಗ್ದ. ನಮ್ ಸಂಘದ ಸುಪ್ರಿಯಾ ಬರೀತಾ ಐತೆ, ನಾನು ಹೇಳ್ದಂಗೇ ಬರಿ ಅಂದೀನಿ.

ಬುಧವಾರ ಸುಮನಾ ಮೇಡಂ ಬಂದಿದ್ರು. ನಾವೆಲ್ಲ ಹಲಸಿನ ಹಿಟ್ಟು ತಟ್ತಾ ಕೂತಿದ್ವಿ. ಕುರ್ಚಿ ಕೊಟ್ರೆ ಕೂರ್ಲಿಲ್ಲ. ನಡು ಕೋಣೇಲಿ ನಿಂತ್ಕಂಡು, ಅವತ್ತು ಹಪ್ಪಳ ಸುಟ್ಟಿದ್ದು ಯಶೋಧಾ ತಪ್ಪಿಂದ ಅಲ್ಲ, ನನ್ ತಪ್ಪಿಂದ, ಅವಳು ಸರಿ ಬರ್ದಿದ್ದನ್ನ ನಾನು ಚಂದ ಮಾಡಾಕ್ ಹೋಗಿ ಕೆಡಿಸ್ದೆ ಅಂದ್ರು. ಎರಡು ಕಾಗ್ದ ತಂದು ತೋರ್ಸಿದ್ರು. ನಮಗೆ ಅದ್ರಲ್ಲಿ ಏನು ತಿಳೀತದೆ. ಆದ್ರೂ ಒಬ್ಬೊಬ್ಬರ್ ಮುಂದೂ ಹಿಡ್ದು ತೋರ್ಸಿದ್ರು.

ಆಮೇಲೆ ಕನ್ನಮ್ಮ ಕೇಳಿದ್ಲು, "ಹಂಗಾರೆ ಇಷ್ಟ್ ವರ್ಷ ಸ್ಟೂಲ್ ಮೇಲ್ ಕೂತು ನಾನು ಯಶೋಧಮ್ಮನ್ನ ಬೈದಿದ್ದೆಲ್ಲ ಯಾರಿಗ್ ಹೋಯ್ತು?" ಅಂತ. ಮೇಡಂ ಅಂದ್ರು, "ನನಗೆ ಬರ್ಬೇಕಿತ್ತು ಕನ್ನಮ್ಮ, ಈಗ ಬೈರಿ" ಅಂತ. ಕನ್ನಮ್ಮ ಬೈಲಿಲ್ಲ. ಎದ್ದು ಸ್ಟೂಲ್ ತೋರ್ಸಿ, "ಕೂತ್ಕಳಿ" ಅಂದ್ಲು.

ಮೇಡಂ ಸಂಜೆ ನಾಲ್ಕರವರೆಗೂ ಕೂತ್ರು ಕಣೇ. ಬೆನ್ನು ನೆಟ್ಟಗೆ, ಪರೀಕ್ಷೆ ಕೋಣೇಲಿ ಕೂತಂಗೆ. ಅರವತ್ತು ಆದಾಗೆಲ್ಲ ಸ್ವಿಚ್ ತೆಗ್ದ್ರು. ಒಂದ್ ಸಲ ಮಾತ್ರ ಟ್ರೇ ಮೇಲಿನ ಹಪ್ಪಳದ ಸಾಲು ಸೊಟ್ಟ ಐತೆ ಅಂತ ನೇರ ಮಾಡಾಕ್ ಹೋಗಿ ಮರ್ತ್ರು. ಒಂದ್ ಟ್ರೇ ಕೆಂಪಾಯ್ತು. ನಾವು ನಕ್ಕೂ ನಕ್ಕೂ ಸಾಕಾಯ್ತು, ಅವರೂ ನಕ್ರು. ಕೆಂಪಾಗಿದ್ದನ್ನ ನಾನೇ ತಿಂತೀನಿ ಅಂತ ಚೀಲಕ್ಕೆ ಹಾಕ್ಕಂಡು ಹೋದ್ರು.

ನಿನ್ ಹತ್ರ ನಾನೂ ಒಂದ್ ಮಾತು ಹೇಳ್ಬೇಕು. ಅವತ್ತು ನಾವೂ ಕೇಳ್ಬೇಕಿತ್ತು ಯಶೋಧಾ. ನೀನು ಬಾಗಿಲಲ್ಲಿ ನಿಂತಿದ್ದೆ, ಚಪ್ಲಿ ಹಾಕ್ಕಂಡು ಹೋದೆ, ಯಾರೂ ಕೂಗ್ಲಿಲ್ಲ. ಕಾಯಿ ಬಲೀತಾ ಐತೆ. ಬಾ.

ರಂಗಮ್ಮ


ಸಾಗರ
22 ಏಪ್ರಿಲ್ 2025

ಮೇಡಂ ಅವರಿಗೆ,

ಯುಗಾದಿಯ ಪತ್ರ ಬಂದು ಮೂರು ವಾರವಾಯಿತು. ನಾಲ್ಕು ಸಲ ಉತ್ತರ ಬರೆದು ನಾಲ್ಕು ಸಲ ಹರಿದೆ. ಅದರಲ್ಲಿ ಬರೀ ಬೈಗುಳ ಇತ್ತು, ಅದೂ ಅಕ್ಷರ ಸೊಟ್ಟ ಇತ್ತು. ನಿಮಗೆ ಕಳಿಸಿದರೆ ಅದಕ್ಕೂ ಅರ್ಧ ಮಾರ್ಕು ಕತ್ತರಿಸುತ್ತಿದ್ದಿರಿ.

ನೀವು ಒಂದು ತಪ್ಪು ತಿಳಿದಿದ್ದೀರಿ, ಅದನ್ನು ಮೊದಲು ಹೇಳುತ್ತೇನೆ. ನಿಮ್ಮ ನಂಬರ್ ಬ್ಲಾಕ್ ಮಾಡಿದ್ದು ಸಿಟ್ಟಿನಿಂದ ಅಲ್ಲ, ನಾಚಿಕೆಯಿಂದ. ಸಾಲು ನೇರ ಮಾಡಿದ್ದೇನೆ ಅಷ್ಟೇ, ಒಳಗೆ ಏನೂ ಮುಟ್ಟಿಲ್ಲ ಎಂದು ನೀವು ಹೇಳಿದ್ದಿರಿ. ನೀವು ಹೇಳಿದ್ದನ್ನು ನಾನು ನಂಬಿದೆ. ಹಾಗಾದರೆ ಸುಟ್ಟದ್ದು ನನ್ನಿಂದಲೇ ಅಲ್ಲವೇ? ನಿಮ್ಮ ಧ್ವನಿ ಕೇಳಿದರೆ ಆ ಹೊಗೆಯ ವಾಸನೆ ಬರುತ್ತಿತ್ತು. ಆ ಕಾಗದವನ್ನು ಡಬ್ಬಿಯ ತಳಕ್ಕೆ ಹಾಸಿದ್ದೂ ನಾನೇ, ಕಣ್ಣಿಗೆ ಬೀಳದಿರಲಿ ಎಂದು. ಮದುವೆ ಊಟದಲ್ಲಿ ಹಪ್ಪಳ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ನನಗೆ ಪಿತ್ತ ಎಂದು ನೆಂಟರೆಲ್ಲ ತಿಳಿದಿದ್ದಾರೆ.

ಮೇಡಂ, ನನಗೆ ಆ ಕೆಲಸ ಬಹಳ ಇಷ್ಟವಿತ್ತು. ಪ್ರೋಗ್ರಾಂ ಓಡಿದಾಗ ಆಗುತ್ತಿದ್ದ ಖುಷಿ ನನಗೆ ಆಮೇಲೆ ಯಾವುದರಲ್ಲೂ ಸಿಕ್ಕಿಲ್ಲ. ಅದನ್ನು ನೀವು ಒಂದು ಬ್ರಾಕೆಟ್ಟಿನಿಂದ ಕಿತ್ತುಕೊಂಡಿರಿ. ಪರವಾಗಿಲ್ಲ ಎಂದು ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಪರವಾ ಇದೆ.

ಆದರೆ ರಂಗಮ್ಮನ ಪತ್ರ ಓದಿ, ನೀವು ಸ್ಟೂಲ್ ಮೇಲೆ ಕೂತು ಹಪ್ಪಳದ ಸಾಲು ನೇರ ಮಾಡಲು ಹೋದದ್ದನ್ನು ನೆನೆಸಿಕೊಂಡು ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಪಹಣಿಗೆ ಬಂದವರೊಬ್ಬರು ಹೆದರಿ ಹೊರಗೆ ನಿಂತರು.

ಮೊನ್ನೆ ಭಾನುವಾರ ಅಂಗಡಿಯ ಶಟರ್ ಅರ್ಧ ಎಳೆದು ಫೈಲ್ ತೆರೆದೆ. ನಿಮ್ಮ ಇಂಡೆಂಟ್ ಹಾಕಿಕೊಂಡೆ. ಮೊದಲು ಬೆರಳು ಓಡಲಿಲ್ಲ. ಮಂಜಯ್ಯನವರು ಊಟಕ್ಕೆ ಕರೆಯಲು ಬಂದಾಗ ಮೂರು ಗಂಟೆ, ನನಗೆ ಹಸಿವೆಯೇ ಗೊತ್ತಾಗಿರಲಿಲ್ಲ. "ಮುಖ ನೋಡ್ಕ ಕನ್ನಡೀಲಿ, ಹಳೇ ಯಶೋಧಾ ಬಂದಾಳೆ" ಎಂದು ಹೇಳಿ ಊಟ ಅಲ್ಲಿಗೇ ತಂದಿಟ್ಟು ಹೋದರು. ಹನ್ನೆರಡು ಟ್ರೇಗೆ ಬೇಕಾದ ಹಾಗೆ ಬಿಸಿಯ ಭಾಗವನ್ನು ಪೂರ್ತಿ ಹೊಸದಾಗಿ ಬರೆದಿದ್ದೇನೆ. ಯಾವ ಟ್ರೇ ಅರವತ್ತು ದಾಟಿದರೂ ಆರುತ್ತದೆ.

ಎರಡು ಷರತ್ತು. ತೆರೆಯುವ ಬ್ರಾಕೆಟ್ ನನ್ನ ರೀತಿ ಇರಬೇಕು, ಬಿ ಆರ್. ಮುಚ್ಚುವುದು ಬಾಲದಲ್ಲೇ ಇರಬೇಕು ಎಂದು ಆ ಇಂಡೆಂಟ್‌ಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲ, ಕೆಳಗಿನ ಸಾಲಿಗೇ ಇಳಿಸುತ್ತದೆ. ನಿಮ್ಮ ಶಿಷ್ಯನೇ ಇರಬೇಕು. ಅದನ್ನು ನೀವೇ ಒಪ್ಪಿಸಿ. ಎರಡನೆಯದು, ಪ್ರಿಂಟ್ ಕಳಿಸುತ್ತಿದ್ದೇನೆ, ಕೆಂಪು ಪೆನ್ನು ಹಿಡಿದೇ ಓದಿ.

ಇಂತಿ,
ಯಶೋಧಾ


ತೀರ್ಥಹಳ್ಳಿ
2 ಮೇ 2025

ಯಶೋಧಾ,

ಕೆಂಪು ಪೆನ್ನು ಹಿಡಿದೇ ಓದಿದೆ. ಎರಡು ಸಲ ಓದಿದೆ. ಕ್ಯಾಪ್ ತೆಗೆಯಬೇಕಾಗಲಿಲ್ಲ.

ನಿನ್ನ ಷರತ್ತಿಗೆ ಬರುತ್ತೇನೆ. ಮುಚ್ಚುವ ಬ್ರಾಕೆಟ್ಟನ್ನು ಬಾಲಕ್ಕೆ ಕಟ್ಟುವ ಆಯ್ಕೆ ಇಡೀ ಕೈಪಿಡಿಯಲ್ಲಿ ಇಲ್ಲ. ಪ್ರಪಂಚದಲ್ಲಿ ಅದನ್ನು ಕೇಳಿದವಳು ನೀನೊಬ್ಬಳೇ ಇರಬೇಕು. ಆದರೆ ಹುಡುಕುವಾಗ ಬೇರೊಂದು ಸಿಕ್ಕಿತು. ಪ್ರೋಗ್ರಾಂ ನಡುವೆ ಇಂಡೆಂಟ್ ಆಫ್ ಎಂದು ಒಂದು ಟಿಪ್ಪಣಿ ಬರೆದರೆ ಅಲ್ಲಿಂದ ಅದು ಕೈಕಟ್ಟಿ ನಿಲ್ಲುತ್ತದೆ. ಇಂಡೆಂಟ್ ಆನ್ ಎಂದು ಬರೆದಲ್ಲಿ ಮತ್ತೆ ಕೆಲಸ ಶುರು ಮಾಡುತ್ತದೆ. ನಡುವೆ ಇರುವುದನ್ನು ಬರೆದವರು ಹೇಗೆ ಬರೆದಿದ್ದಾರೋ ಹಾಗೇ ಬಿಡುತ್ತದೆ.

ನಿನ್ನ ಬಿಸಿಯ ಭಾಗದ ಮೇಲೆ ಒಂದು ಆಫ್, ಕೆಳಗೆ ಒಂದು ಆನ್ ಹಾಕಿದ್ದೇನೆ. ಒಳಗೆ ನಿನ್ನ ಬ್ರಾಕೆಟ್ಟುಗಳೆಲ್ಲ ಸಾಲಿನ ಬಾಲಕ್ಕೇ ಕಟ್ಟಿಕೊಂಡಿವೆ. ನೋಡಿದರೆ ಈಗಲೂ ನನ್ನ ಕೈ ತುರಿಸುತ್ತದೆ. ಅದೂ ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ.

ಪ್ರೋಗ್ರಾಂ ಹಾಕಿಬರಲು ನೀನೊಬ್ಬಳೇ ಹೋಗು. ನನಗೆ ಬರಬೇಕೆಂದು ಬಹಳ ಆಸೆ ಇದೆ, ಆದರೆ ನಾನು ಪಕ್ಕದಲ್ಲಿ ನಿಂತರೆ ಮೇಡಂ ಸರಿಮಾಡಿಸಿದರು ಎನ್ನುತ್ತಾರೆ. ಈ ಸಲ ಅದು ಬೇಡ. ಏನಾಯಿತು ಎಂದು ಬರೆ. ಒಂದು ಸಾಲು ಬರೆದರೂ ಸಾಕು, ಓರೆಯಾಗಿದ್ದರೂ ಸರಿ.

ಕೆಂಪಾದ ಹಪ್ಪಳಗಳನ್ನು ಇನ್ನೂ ತಿನ್ನುತ್ತಿರುವ,
ಸುಮನಾ


ಸಾಗರ
12 ಮೇ 2025

ಸುಮನಕ್ಕ,

ಶನಿವಾರ ಹೋಗಿದ್ದೆ. ರಿಪ್ಪನ್‌ಪೇಟೆಯಲ್ಲಿ ಬಸ್ ಇಳಿದ ಮೇಲೆ ಸಂಘದ ಕಟ್ಟಡದವರೆಗೆ ಐದು ನಿಮಿಷದ ದಾರಿ. ನನಗೆ ಅರ್ಧ ಗಂಟೆ ಬೇಕಾಯಿತು. ನಡುವೆ ಒಂದು ಹೋಟೆಲಿನಲ್ಲಿ ಕೂತು ಬೇಡದ ಚಹಾ ಕುಡಿದೆ.

ಬಾಗಿಲಲ್ಲಿ ಚಪ್ಪಲಿ ಬಿಡುವಾಗ ರಂಗಮ್ಮ ನೋಡಿದರು. "ಒಳಗ್ ಬಂದ್ ಬಿಡು, ಅಲ್ಲೇ ನಿಂತ್ಕಬ್ಯಾಡ" ಅಂದರು. ಅಷ್ಟೇ ಮಾತು. ಪೆಟ್ಟಿಗೆಯ ಕಂಟ್ರೋಲ್ ಬೋರ್ಡಿಗೆ ಪ್ರೋಗ್ರಾಂ ಹಾಕಲು ಹತ್ತು ನಿಮಿಷ. ಹನ್ನೆರಡು ಟ್ರೇ ತುಂಬ ಹಸಿ ಹಪ್ಪಳ ಜೋಡಿಸಿದರು. ಖಾಲಿ ಪೆಟ್ಟಿಗೆಯಲ್ಲಿ ಮೊದಲು ನೋಡೋಣ ಎಂದೆ, ಕನ್ನಮ್ಮ ಒಪ್ಪಲಿಲ್ಲ. "ಖಾಲೀದ್ರಲ್ಲಿ ಏನ್ ನೋಡ್ತೀ, ಸುಟ್ರೆ ಸುಡ್ತದೆ, ನಾವೇ ತಟ್ಟಿದ್ದಲ್ವಾ" ಅಂದರು.

ಹೀಟರ್ ಹಾಕಿದೆವು. ಕನ್ನಮ್ಮ ಬೇಡವೆಂದರೂ ಸ್ಟೂಲ್ ಮೇಲೆ ಕೂತರು, ಅಭ್ಯಾಸ ಬಲ. ಬಲಗೈ ಸ್ವಿಚ್ಚಿನ ಹತ್ತಿರವೇ ಇತ್ತು. ನಲವತ್ತು, ಐವತ್ತು, ಐವತ್ತೆಂಟು. ಇಪ್ಪತ್ತು ಜನ ತಟ್ಟುವುದನ್ನು ಬಿಟ್ಟು ಪೆಟ್ಟಿಗೆಯ ಸುತ್ತ ಬಂದು ನಿಂತಿದ್ದರು. ನಾನು ಆ ಬಾಗಿಲಿನ ಕಡೆಗೇ ನೋಡುತ್ತಿದ್ದೆ, ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಅರವತ್ತಾಯಿತು. ಅರವತ್ತೊಂದಾಯಿತು. ಕಟ್ ಎಂದು ಸದ್ದಾಗಿ ಹೀಟರಿನ ದೀಪ ಆರಿತು.

ಎಲ್ಲರೂ ಕನ್ನಮ್ಮನನ್ನು ನೋಡಿದರು. ಕನ್ನಮ್ಮ ಎರಡೂ ಕೈ ಎತ್ತಿ ತೋರಿಸಿ, "ನಾ ಮುಟ್ಟಿಲ್ಲ" ಅಂದರು. ಇನ್ನೊಂದು ಸಲ ಬಿಸಿಯೇರಿತು, ಇನ್ನೊಂದು ಸಲ ಆರಿತು. ಮೂರನೆಯ ಸಲ ಅವರು ನೋಡಲೂ ಇಲ್ಲ. ಎದ್ದು, ಸ್ಟೂಲನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಇಟ್ಟು, ಅದರ ಮೇಲೆ ತುಳಸಿ ಕುಂಡ ಕೂರಿಸಿ ಬಂದರು.

ಸಂಜೆ ಮೊದಲ ಟ್ರೇಯ ಹಪ್ಪಳ ಎಣ್ಣೆಗೆ ಬಿಟ್ಟರು. ನನಗೆ ಕೊಡಲು ಬಂದಾಗ ಕೈ ಅಡ್ಡ ಹಿಡಿಯಲಿಲ್ಲ. ಎರಡು ತಿಂದೆ, ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ. ನಿಮಗೆ ಒಂದು ಕಟ್ಟು ತೀರ್ಥಹಳ್ಳಿ ಬಸ್ಸಿನಲ್ಲಿ ಕಳಿಸಿದ್ದೇನೆ, ಒಂದೂ ಕೆಂಪಾಗಿಲ್ಲ. ನಿಮ್ಮ ನಂಬರ್ ಮೇಲಿದ್ದ ಬ್ಲಾಕ್ ತೆಗೆದಿದ್ದೇನೆ. ಈ ಪತ್ರ ಮುಗಿಸಿ ಫೋನ್ ಮಾಡೋಣವೆಂದಿದ್ದೆ, ಆದರೆ ಮುಂದಿನ ಮಾತನ್ನು ಬರೆದೇ ತಿಳಿಸಬೇಕು ಅನ್ನಿಸಿತು.

ಹೊಸದಾಗಿ ಸಂಘಕ್ಕೆ ಸೇರಿದ ಒಬ್ಬಳು, ಹಿಂದಿನದು ಏನೂ ಗೊತ್ತಿಲ್ಲದವಳು, ಪೆಟ್ಟಿಗೆ ಮುಟ್ಟಿ ನೋಡುತ್ತಾ ಕೇಳಿದಳು, "ಇದಕ್ಕೆ ಬಿಸಿ ಆಗಿದ್ದು ಹೆಂಗ್ ಗೊತ್ತಾಗ್ತದೆ? ಇದ್ನ ಬರ್ದಿದ್ದು ಯಾರು?" ಅಂತ. ರಂಗಮ್ಮ ಬಾಯಿ ತೆರೆದರು, ಕನ್ನಮ್ಮನೂ ಬಾಯಿ ತೆರೆದರು. ನಾನು ಅವರಿಬ್ಬರಿಗಿಂತ ಮೊದಲು ಎದ್ದು ನಿಂತೆ. ಅಷ್ಟು ಜನರ ಎದುರು, ನೀವು ನಿಂತ ಜಾಗದಲ್ಲೇ ನಿಂತು, ಜೋರಾಗಿ ಹೇಳಿದೆ: ಬಿಸಿಯ ಭಾಗ ಬರೆದದ್ದು ನಾನು.

ನಿಮ್ಮ,
ಯಶೋಧಾ